ತಪಸ್ಸುಕಾಲದಲ್ಲಿ ಏನನ್ನು ಹಾಡೋಣ, ಹೇಗೆ ಹಾಡೋಣ?



ಸಂತ ಮತ್ತಾಯರ ಶುಭಸಂದೇಶದ 26ನೇ ಅಧ್ಯಾಯದ 30ನೇ ವಚನದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಚಿಕ್ಕ ವಿವರವಿದೆ. ಕಡೆಯ ಭೋಜನ ಮುಗಿದ ಮೇಲೆ ಯೇಸುಸ್ವಾಮಿ ಹಾಗೂ ಶಿಷ್ಯರು ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರು. ಪಾಸ್ಖ ಭೋಜನದಲ್ಲಿ 113ರಿಂದ 118ರವರೆಗಿನ ಕೀರ್ತನೆಗಳನ್ನು ಹಾಡುವುದು ಯೆಹೂದ್ಯರ ಪದ್ಧತಿ. ಅವು ಅಳುವ ಹಾಡುಗಳಲ್ಲ. ದೇವರು ಮಾಡಿದ ಉಪಕಾರವನ್ನು ನೆನೆಯುವ ಹಾಡುಗಳು. ಶಿಲುಬೆಯ ಕಡೆಗೆ ನಡೆಯುವಾಗಲೂ ಪ್ರಭು ಹಾಡಿದರು. ಆದುದರಿಂದ ತಪಸ್ಸುಕಾಲವೆಂದರೆ ಹಾಡು ನಿಲ್ಲುವ ಕಾಲವಲ್ಲ, ಹಾಡು ಶುದ್ಧಿಯಾಗುವ ಕಾಲ.

ಅಕ್ಕೂರು, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮ್ಮ ಗುಡಿಗಳಲ್ಲಿ ಹಾಡುವವರು ಹೊಲಗದ್ದೆ, ರೇಷ್ಮೆಹುಳುವಿನ ಮನೆ, ಕಾರ್ಖಾನೆಗಳಲ್ಲಿ ದುಡಿದು ಬಂದವರು. ಜೊತೆಗೆ ಶಾಲಾ ಮಕ್ಕಳು. ಅವರಿಗೆ ಅಭ್ಯಾಸಕ್ಕೆ ಸಿಗುವ ಸಮಯ ಅಲ್ಪ. ಅದಕ್ಕಾಗಿಯೇ ಆಯ್ಕೆ ಮೊದಲೇ ಆಗಬೇಕು.

ಎರಡು ಗುರಿಗಳು

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದ 109ನೇ ವಿಧಿಯು ತಪಸ್ಸುಕಾಲಕ್ಕೆ ಎರಡು ಗುಣಗಳಿವೆ ಎನ್ನುತ್ತದೆ. ಒಂದು, ಜ್ಞಾನಸ್ನಾನದ ಸ್ಮರಣೆ ಅಥವಾ ಸಿದ್ಧತೆ; ಇನ್ನೊಂದು, ಪಶ್ಚಾತ್ತಾಪ. ನಾವು ಎರಡನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ. ವಿಭೂತಿ ಬುಧವಾರದಿಂದಲೇ ಮೊಳೆ, ಮುಳ್ಳು, ರಕ್ತದ ಹಾಡುಗಳು ಆರಂಭವಾಗುತ್ತವೆ; ಶುಭ ಶುಕ್ರವಾರ ಬರುವ ಹೊತ್ತಿಗೆ ಅವು ಹಾಡಿ ಹಾಡಿ ಸವೆದಿರುತ್ತವೆ. ಶಿಲುಬೆಯ ಮುಂದೆ ನಿಲ್ಲಬೇಕಾದ ದಿನ ನಮ್ಮಲ್ಲಿ ಹೊಸದಾಗಿ ಹಾಡಲು ಏನೂ ಉಳಿದಿರುವುದಿಲ್ಲ.

ವಾರವಾರದ ಆಯ್ಕೆ

ಹಾಡಿನ ಪುಸ್ತಕ ತೆರೆಯುವ ಮೊದಲು ವಾಚನಗಳ ಪುಸ್ತಕವನ್ನು ತೆರೆಯಿರಿ. ವಿಭೂತಿ ಬುಧವಾರದ ಕೀರ್ತನೆ 51ನೆಯದು, ಪಾಪಕ್ಕಾಗಿ ಮರುಗುವ ದಾವೀದನದು. ಮೊದಲ ಭಾನುವಾರದ ಶುಭಸಂದೇಶ ಮರುಭೂಮಿಯ ಶೋಧನೆ. ಎರಡನೆಯದು ಬೆಟ್ಟದ ಮೇಲಿನ ರೂಪಾಂತರ. ಹಾಗಾಗಿ ಮೊದಲ ವಾರ ಪಶ್ಚಾತ್ತಾಪ ಮತ್ತು ಭರವಸೆಯ ಗೀತೆಗಳು, ಎರಡನೆಯ ವಾರ ಪ್ರಭುವಿನ ಮುಖವನ್ನು ಅರಸುವ ಗೀತೆಗಳು ಹೊಂದುತ್ತವೆ.

‘ಎ’ ವರ್ಷದಲ್ಲಿ ಮುಂದಿನ ಮೂರು ಭಾನುವಾರಗಳು ಜ್ಞಾನಸ್ನಾನದ ಪಾಠಗಳೇ ಆಗಿವೆ: ಬಾವಿಯ ಬಳಿಯ ಸಮಾರಿಯದ ಸ್ತ್ರೀ, ಹುಟ್ಟುಕುರುಡ, ಲಾಜರ. ಅಂದರೆ ನೀರು, ಬೆಳಕು, ಜೀವ. ಜ್ಞಾನಸ್ನಾನಕ್ಕೆ ಸಿದ್ಧರಾಗುವವರಿರುವ ಧರ್ಮಕೇಂದ್ರಗಳಲ್ಲಿ ಈ ವಾಚನಗಳನ್ನು ಯಾವ ವರ್ಷವಾದರೂ ಬಳಸಬಹುದು. ಆ ವಾರಗಳಲ್ಲಿ ಬಾಯಾರಿಕೆ, ಬೆಳಕು, ಪುನರುಜ್ಜೀವನವನ್ನು ಕುರಿತ ಹಾಡುಗಳನ್ನೇ ಆರಿಸಿ. ಪ್ರಭುವಿನ ಯಾತನೆಯ ಹಾಡುಗಳನ್ನು ಗರಿಗಳ ಭಾನುವಾರಕ್ಕಾಗಿ, ಪವಿತ್ರ ವಾರಕ್ಕಾಗಿ ಕಾದಿರಿಸಿ. ಶುಕ್ರವಾರದ ಶಿಲುಬೆಹಾದಿಯಲ್ಲಿ ಅವನ್ನು ಹಾಡಲು ಅಡ್ಡಿಯಿಲ್ಲ. ಅದು ಆ ಭಕ್ತಿಯ ಸ್ವಂತ ಜಾಗ.

ಪ್ರತ್ಯುತ್ತರ ಕೀರ್ತನೆಯ ಸ್ಥಾನದಲ್ಲಿ ಬೇರೆ ಭಕ್ತಿಗೀತೆಯನ್ನು ಹಾಡಬಾರದು. ಕೀರ್ತನೆಯೂ ದೇವರ ವಾಕ್ಯವೇ. ಪೂರ್ತಿ ಹಾಡಲು ಬಾರದಿದ್ದರೆ ಪಲ್ಲವಿಯನ್ನಾದರೂ ಎಲ್ಲರೂ ಹಾಡಲಿ, ಚರಣಗಳನ್ನು ಒಬ್ಬರು ಸಾವಕಾಶವಾಗಿ ಓದಲಿ.

ಯಾವುದನ್ನು ಬಿಡುತ್ತೇವೆ?

ತಪಸ್ಸುಕಾಲದ ಭಾನುವಾರಗಳಲ್ಲಿ ಮಹಿಮಾಗೀತೆಯಿಲ್ಲ. ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವ, ಮಾರ್ಚ್ 25ರ ಮಂಗಳವಾರ್ತೆಯ ಮಹೋತ್ಸವದಂಥ ದಿನಗಳಲ್ಲಿ ಅದನ್ನು ಹಾಡುತ್ತೇವೆ. ಆದರೆ ಅಲ್ಲೆಲೂಯ ಈ ಕಾಲದ ಯಾವ ದಿನವೂ ಇಲ್ಲ, ಹಬ್ಬದ ದಿನವೂ ಇಲ್ಲ. ಕೆಲವು ಗೀತೆಗಳ ಚರಣದ ಕೊನೆಯಲ್ಲಿ ಈ ಪದ ಅಡಗಿರುತ್ತದೆ; ಗಾನವೃಂದದವರು ಮೊದಲೇ ನೋಡಿ ಅಂಥವನ್ನು ಬದಿಗಿಡಬೇಕು. ಈ ನಿಯಮ ಏಕೆ? ಪಾಸ್ಖ ಜಾಗರಣೆಯ ರಾತ್ರಿ ಗುರುಗಳು ಅಲ್ಲೆಲೂಯವನ್ನು ಮೂರು ಬಾರಿ, ಒಂದೊಂದು ಬಾರಿಯೂ ಸ್ವರವನ್ನು ಏರಿಸಿ ಹಾಡುತ್ತಾರೆ. ಅಷ್ಟು ದಿನ ಉಪವಾಸವಿದ್ದ ನಾಲಿಗೆಗೆ ಮಾತ್ರ ಆ ರುಚಿ ತಿಳಿಯುತ್ತದೆ.

ವಾದ್ಯಗಳ ಉಪವಾಸ

ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಗಳ 313ನೇ ವಿಧಿಯಂತೆ ತಪಸ್ಸುಕಾಲದಲ್ಲಿ ಆರ್ಗನ್ ಮತ್ತು ಇತರ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕು. ನಾಲ್ಕನೆಯ ಭಾನುವಾರ, ಮಹೋತ್ಸವಗಳು ಮತ್ತು ಹಬ್ಬಗಳಿಗೆ ವಿನಾಯಿತಿಯಿದೆ. ಉದ್ದನೆಯ ಪೀಠಿಕೆ, ಚರಣಗಳ ನಡುವಿನ ಕೀಬೋರ್ಡ್ ಝೇಂಕಾರ, ರಿದಮ್ ಪ್ಯಾಡಿನ ಬಡಿತ, ಕಾಣಿಕೆಯ ವೇಳೆ ಬರಿಯ ವಾದ್ಯ ಇವು ಬೇಡ. ಹಾರ್ಮೋನಿಯಂ ಶ್ರುತಿ ಕೊಟ್ಟರೆ ಸಾಕು. ಶ್ರುತಿಯನ್ನು ಸ್ವಲ್ಪ ಇಳಿಸಿಕೊಂಡರೆ ಹಿಂದಿನ ಬೆಂಚಿನಲ್ಲಿರುವ ಅಜ್ಜಿಯೂ ದನಿಗೂಡಿಸಬಲ್ಲರು.

‘ವಾದ್ಯವಿಲ್ಲದಿದ್ದರೆ ಯುವಜನರು ಬರುವುದಿಲ್ಲ ಫಾದರ್’ ಎಂಬ ಮಾತು ಕೇಳಿಬರುತ್ತದೆ. ಈ ಆತಂಕವನ್ನು ತಳ್ಳಿಹಾಕಬಾರದು. ಗುಡಿಯಲ್ಲಿ ಯುವಕರಿಗೆ ಸಿಕ್ಕ ಜವಾಬ್ದಾರಿ ಹಲವೆಡೆ ಅದೊಂದೇ. ಹಾಗಿದ್ದರೆ ಆ ಆರು ವಾರ ಅವರಿಗೆ ಇನ್ನೂ ದೊಡ್ಡ ಕೆಲಸ ಕೊಡೋಣ: ಕೀರ್ತನೆ ಹಾಡುವುದು, ಜನರಿಗೆ ಪಲ್ಲವಿ ಕಲಿಸುವುದು. 1967ರ ಮಾರ್ಚ್ 5ರ ‘ಮೂಸಿಕಾಂ ಸಾಕ್ರಾಂ’ ಆದೇಶಪತ್ರವು ಗುರುಗಳ ಮತ್ತು ಜನರ ನಡುವಿನ ಸಂವಾದವನ್ನು ಹಾಡುವುದಕ್ಕೇ ಮೊದಲ ಸ್ಥಾನ ಕೊಡುತ್ತದೆ. ಅದಕ್ಕೆ ಯಾವ ವಾದ್ಯವೂ ಬೇಡ, ಖರ್ಚೂ ಇಲ್ಲ.

ಇನ್ನು ಧಾಟಿಯ ಮಾತು. ನಮ್ಮ ನಾಡಿನ ಸಂಗೀತಕ್ಕೆ ದೈವಾರಾಧನೆಯಲ್ಲಿ ತಕ್ಕ ಸ್ಥಾನ ದೊರೆಯಬೇಕೆಂದು ಅದೇ ಸಂವಿಧಾನದ 119ನೇ ವಿಧಿ ಹೇಳುತ್ತದೆ. ಮುಖಾರಿಯಾಗಲಿ, ಜನಪದ ಧಾಟಿಯಾಗಲಿ ಸ್ವಾಗತವೇ. ಆದರೆ ಸಿನಿಮಾ ಹಾಡಿನ ಮಟ್ಟಿಗೆ ಭಕ್ತಿಯ ಮಾತು ಕಟ್ಟಿದರೆ ಕೇಳುವವರ ಮನಸ್ಸು ಚಿತ್ರಮಂದಿರಕ್ಕೆ ಹೋಗುತ್ತದೆ. ಹಾಡಿದ ವಿಷಯಕ್ಕಿಂತ ಹಾಡಿದ ಇಂಪೇ ತನ್ನನ್ನು ಹೆಚ್ಚು ಸೆಳೆದಾಗ ತಾನು ತಪ್ಪಿತಸ್ಥನೆಂದು ಸಂತ ಅಗಸ್ಟೀನರು ತಮ್ಮ ‘ಅರಿಕೆ’ಗಳ ಹತ್ತನೇ ಭಾಗದಲ್ಲಿ ಒಪ್ಪಿಕೊಳ್ಳುತ್ತಾರೆ. ಆದರೂ ಗುಡಿಯಲ್ಲಿ ಹಾಡುವ ಪದ್ಧತಿಯನ್ನು ಅವರು ಮೆಚ್ಚಿದರು, ಬಿಡಿಸಲಿಲ್ಲ.

ಪವಿತ್ರ ವಾರ ಮತ್ತು ‘ಮಹಿಮೆ’

ಪವಿತ್ರ ಗುರುವಾರದ ಮಹಿಮಾಗೀತೆಯಲ್ಲಿ ಗಂಟೆಗಳು ಮೊಳಗಿ, ಜಾಗರಣೆಯ ಮಹಿಮಾಗೀತೆಯವರೆಗೆ ಮೌನವಾಗುತ್ತವೆ. ಆ ರಾತ್ರಿ ಪರಮಪ್ರಸಾದವನ್ನು ಕೊಂಡೊಯ್ಯುವಾಗ ಸಂತ ತೋಮಾಸ್ ಅಕ್ವಿನಾಸರ ಪರಮಪ್ರಸಾದ ಗೀತೆಯನ್ನು ಹಾಡುವುದು ಪರಂಪರೆ.

ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಶುಭ ಶುಕ್ರವಾರ ಊರವರೇ ಪಾತ್ರಧಾರಿಗಳಾಗಿ ಆಡುವ ‘ಮಹಿಮೆ’ಯನ್ನು ಈ ಸೀಮೆಯ ಕಥೋಲಿಕರು ಬಲ್ಲರು. ಪ್ರಭುವಿನ ಯಾತನೆಯನ್ನು ಕಣ್ಣಿಗೆ ಕಟ್ಟುವುದು ಅದರ ಕೆಲಸ. ಅಲ್ಲಿ ಹಾಡು, ಮಾತು, ಅಭಿನಯ ಎಲ್ಲಕ್ಕೂ ಅವಕಾಶವಿದೆ. ಗುಡಿಯೊಳಗಿನ ಆರಾಧನೆಯ ಕೆಲಸ ಬೇರೆ. ಅಲ್ಲಿ ಗುರುಗಳು ಮೌನವಾಗಿ ಬಂದು ಸಾಷ್ಟಾಂಗವೆರಗುತ್ತಾರೆ, ಪ್ರವೇಶಗೀತೆಯೂ ಇಲ್ಲ. ಆ ಬರಿದನ್ನು ತುಂಬಿಸಲು ಹೋಗಬೇಡಿ. ಆದರೆ ಶಿಲುಬೆಯ ಆರಾಧನೆಯ ವೇಳೆ ಸ್ಥಳೀಯ ಸಂಪ್ರದಾಯಕ್ಕೆ ತಕ್ಕಂತೆ ವ್ಯಾಕುಲಮಾತೆಯ ನೋವನ್ನು ನೆನೆಯುವ ಹಾಡನ್ನು ಹಾಡಲು ಪೂಜಾಗ್ರಂಥವೇ ಅನುಮತಿಸುತ್ತದೆ. ನಿಮ್ಮ ಊರಿನ ಹಿರಿಯ ತಾಯಂದಿರಿಗೆ ಅಂಥ ಶೋಕಗೀತೆ ಗೊತ್ತಿದ್ದರೆ ಈಗಲೇ ಅವರ ಬಳಿ ಕುಳಿತು ಬರೆದುಕೊಳ್ಳಿ. ಅವರೊಡನೆ ಅದೂ ಮಣ್ಣಾಗದಿರಲಿ.

ಗಾನವೃಂದವು ಕೂಡಿ ಯೋಚಿಸಲು

1. ಈ ಭಾನುವಾರದ ಶುಭಸಂದೇಶಕ್ಕೂ ನಾವು ಆರಿಸಿದ ಹಾಡುಗಳಿಗೂ ಸಂಬಂಧವೇನು?
2. ಜನರು ಹಾಡುತ್ತಿದ್ದಾರೆಯೇ, ಕೇಳುತ್ತಿದ್ದಾರೆಯೇ?
3. ಪರಮಪ್ರಸಾದದ ನಂತರ ಎರಡು ನಿಮಿಷ ಮೌನವನ್ನು ಉಳಿಸಿದ್ದೇವೆಯೇ?
4. ಪಾಸ್ಖ ರಾತ್ರಿಗಾಗಿ ಏನನ್ನು ಕೂಡಿಟ್ಟಿದ್ದೇವೆ?

ಊಟದ ಉಪವಾಸ ಹೊಟ್ಟೆಗೆ ಹಸಿವನ್ನು ಕಲಿಸುತ್ತದೆ; ಹಾಡಿನ ಉಪವಾಸ ಕಿವಿಗೆ ದೇವರ ವಾಕ್ಯದ ಹಸಿವನ್ನು ಕಲಿಸಲಿ. ಪ್ರಭು ನಮ್ಮ ಬಾಯಿಗೂ ಹೃದಯಕ್ಕೂ ಒಂದೇ ಹಾಡನ್ನು ಕೊಡಲಿ.