ಮೂಗಿಗೆ ತಿಳಿಯದ್ದು ಇದ್ದಿಲಿಗೆ ಸಿಗುತ್ತದೆ

ಮಕ್ಕಳೇ, ಹೊಸದಾಗಿ ಬಣ್ಣ ಬಳಿದ ಕೋಣೆಗೆ ಹೋದೊಡನೆ ಘಾಟು ಮೂಗಿಗೆ ಬಡಿಯುತ್ತದೆ. ಸ್ವಲ್ಪ ಹೊತ್ತು ಕುಳಿತರೆ ಅಷ್ಟಾಗಿ ತಿಳಿಯುವುದಿಲ್ಲ. ಆವಿ ಹೋಯಿತೇ? ಇಲ್ಲ, ಮೂಗು ಅದಕ್ಕೆ ಒಗ್ಗಿಕೊಂಡಿತು! ಕೆಲವು ಥಿನ್ನರ್‌ಗಳಲ್ಲಿರುವ ಟೊಲುಯೀನ್ ಆವಿ ಹೆಚ್ಚಾದರೆ ತಲೆನೋವು, ತಲೆಸುತ್ತು ಬರುತ್ತದೆ. ಹಾಗಾದರೆ ಅದನ್ನು ಅಳೆಯುವುದು ಹೇಗೆ?

ಸಕ್ರಿಯ ಇದ್ದಿಲು ತುಂಬಿದ ಸಣ್ಣ ಗಾಜಿನ ನಳಿಕೆಯ ಮೂಲಕ ಕೋಣೆಯ ಗಾಳಿಯನ್ನು ಪಂಪಿನಿಂದ ಎಳೆಯುತ್ತಾರೆ. ಇದ್ದಿಲಿನ ಸೂಕ್ಷ್ಮ ರಂಧ್ರಗಳಿಗೆ ಆವಿ ಅಂಟಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ದ್ರವವೊಂದರಲ್ಲಿ ಕರಗಿಸಿ, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಉಪಕರಣದಿಂದ ಯಾವ ವಸ್ತು ಎಷ್ಟಿದೆಯೆಂದು ತಿಳಿಯುತ್ತಾರೆ. 10 ಲೀಟರ್ ಗಾಳಿಯಿಂದ 20 ಮೈಕ್ರೋಗ್ರಾಂ ಸಿಕ್ಕಿದರೆ, ಲೀಟರಿಗೆ ಎಷ್ಟು? 2 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ 10 ಲಕ್ಷದಲ್ಲಿ ಒಂದು ಭಾಗ.

ಆದ್ದರಿಂದ ಘಾಟು ತಿಳಿಯದಿದ್ದರೂ ಬಣ್ಣ ಬಳಿದ ಕೋಣೆಯ ಕಿಟಕಿಗಳನ್ನು ತೆರೆದಿಡಿ.