ಮೈಕ್ರೋವೇವ್ ಓವನ್: ಭಯ ಯಾವುದಕ್ಕೆ, ಎಚ್ಚರ ಎಲ್ಲಿ?

ಪ್ರಶ್ನೆ: ಮಗ ಮೈಕ್ರೋವೇವ್ ಓವನ್ ತಂದಿದ್ದಾನೆ. ಸೊಸೆಗೆ ಈಗ ಐದು ತಿಂಗಳು. ಅದರ ವಿಕಿರಣದಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗುತ್ತದೆಯೇ? ಅದರಲ್ಲಿ ಬಿಸಿ ಮಾಡಿದ್ದನ್ನು ಉಂಡರೆ ಕ್ಯಾನ್ಸರ್ ಬರುತ್ತದಂತೆ, ನಿಜವೇ?

ಉತ್ತರ: ಓವನ್ ಸುಸ್ಥಿತಿಯಲ್ಲಿದ್ದರೆ ಎರಡು ಭಯವೂ ಬೇಡ. ಎಕ್ಸ್‌ರೇಯಂತೆ ಡಿಎನ್‌ಎಯನ್ನು ಕೆಡಿಸುವ ಶಕ್ತಿ ಈ ತರಂಗಗಳಿಗಿಲ್ಲ. ಅವು ಆಹಾರದಲ್ಲಿರುವ ನೀರಿನ ಅಣುಗಳನ್ನು ಕದಲಿಸಿ ಬಿಸಿ ಹುಟ್ಟಿಸುತ್ತವೆ, ಅಷ್ಟೆ. ಬಾಗಿಲು ತೆರೆದ ಕೂಡಲೇ ತರಂಗ ನಿಲ್ಲುತ್ತದೆ. ಅನ್ನದಲ್ಲಿ ವಿಕಿರಣ ಉಳಿಯುವುದಿಲ್ಲ. ತರಂಗದ ಉದ್ದ ಸುಮಾರು 12 ಸೆಂ.ಮೀ. ಬಾಗಿಲ ಗಾಜಿನಲ್ಲಿರುವ ಲೋಹದ ಜಾಲರಿಯ ತೂತು ಅದಕ್ಕಿಂತ ಎಷ್ಟೋ ಚಿಕ್ಕದಾದ್ದರಿಂದ ತರಂಗ ಹೊರಗೆ ಬರುವುದಿಲ್ಲ. ಬಾಗಿಲು ಸೊಟ್ಟಗಾಗಿದ್ದರೆ ಅಥವಾ ಬಿಗಿಯಾಗಿ ಮುಚ್ಚದಿದ್ದರೆ ಮಾತ್ರ ರಿಪೇರಿಯಾಗುವವರೆಗೆ ಬಳಸಬೇಡಿ.

ಗರ್ಭಿಣಿ ಇರುವ ಮನೆಯಲ್ಲಿ ನಿಜವಾಗಿ ಎಚ್ಚರ ಬೇಕಾದ್ದು ಅರ್ಧಂಬರ್ಧ ಬಿಸಿಯಾದ ತಂಗಳಿನ ಬಗ್ಗೆ. ತರಂಗಗಳು ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತವೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಹಾಗಾಗಿ ಫ್ರಿಜ್‌ನಿಂದ ತೆಗೆದಿಟ್ಟ ಹುಳಿ ಅಂಚಿನಲ್ಲಿ ಕುದಿಯುತ್ತಿದ್ದರೂ ನಡುವೆ ತಣ್ಣಗೇ ಇರಬಹುದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಗರ್ಭಿಣಿಗೆ ಅದರ ಸೋಂಕು ತಗುಲಿದರೆ ಗರ್ಭಪಾತವೂ ಆಗಬಹುದು. ಆದ್ದರಿಂದ ಮುಚ್ಚಳವನ್ನು ಸಡಿಲವಾಗಿ ಮುಚ್ಚಿ ಬಿಸಿ ಮಾಡಿ, ನಡುವೆ ಒಮ್ಮೆ ನಿಲ್ಲಿಸಿ ಚೆನ್ನಾಗಿ ಕಲಕಿ. ಆಮೇಲೆ ಒಂದೆರಡು ನಿಮಿಷ ಹಾಗೇ ಬಿಡಿ, ಬಿಸಿ ಒಳಗೂ ಹರಡುತ್ತದೆ. ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಎಂದರೆ ಎಲ್ಲೆಡೆ ಹಬೆಯಾಡಬೇಕು.

ಅನ್ನದ ಮಾತು ಬೇರೆ. ರಾತ್ರಿಯಿಡೀ ಹೊರಗಿದ್ದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ವಿಷ ತಯಾರಿಸಿಟ್ಟಿದ್ದರೆ ಎಷ್ಟು ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಇನ್ನು ಸುಟ್ಟಗಾಯ. ಈ ಓವನ್‌ನಿಂದಾಗುವ ಗಾಯಗಳಲ್ಲಿ ಹೆಚ್ಚಿನವು ಇವೇ. ನಯವಾದ ಕಪ್ಪಿನಲ್ಲಿ ಬರೀ ನೀರನ್ನು ಹೆಚ್ಚು ಹೊತ್ತು ಕಾಯಿಸಿದರೆ 100 ಡಿಗ್ರಿ ದಾಟಿದರೂ ಗುಳ್ಳೆ ಏಳದೆ ಇರಬಹುದು. ಕಾಫಿ ಪುಡಿ ಹಾಕಿದೊಡನೆ ಅದು ಒಮ್ಮೆಲೇ ಉಕ್ಕಿ ಕೈ, ಮುಖಕ್ಕೆ ಎರಚುತ್ತದೆ. ಪುಡಿಯನ್ನು ಮೊದಲೇ ಬೆರೆಸಿ, ಬೇಕಾದಷ್ಟೇ ಹೊತ್ತು ಕಾಯಿಸಿ. ಮೊಟ್ಟೆಯನ್ನು ಚಿಪ್ಪಿನ ಸಮೇತ ಇಡಲೇಬೇಡಿ, ಸಿಡಿಯುತ್ತದೆ. ಬೇಯಿಸಿ ಸುಲಿದ ಇಡೀ ಮೊಟ್ಟೆಯೂ ಮತ್ತೆ ಬಿಸಿ ಮಾಡಿದಾಗ ಬಾಯಲ್ಲೇ ಸಿಡಿದೀತು. ಕತ್ತರಿಸಿ ಬಿಸಿ ಮಾಡಿ.

ಪ್ರಶ್ನೆ: ಏಳು ತಿಂಗಳ ಮಗುವಿನ ಹಾಲಿನ ಬಾಟಲಿಯನ್ನು ಮೈಕ್ರೋವೇವ್‌ನಲ್ಲಿ ಇಡಬಹುದೇ? ಪ್ಲಾಸ್ಟಿಕ್ ಡಬ್ಬಿಗಳನ್ನು?

ಉತ್ತರ: ಮೈಕ್ರೋವೇವ್‌ಗೆ ಸೂಕ್ತ ಎಂಬ ಗುರುತಿಲ್ಲದ ಡಬ್ಬಿ, ಹೋಟೆಲ್ ಪಾರ್ಸೆಲ್ಲಿನ ತೆಳು ಪ್ಲಾಸ್ಟಿಕ್ ಬೇಡ, ಬಿಸಿಗೆ ಅದರ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು. ಸ್ಟೀಲ್ ಡಬ್ಬಿ, ಚಿನ್ನದಂಚಿನ ಪಿಂಗಾಣಿಯೂ ಬೇಡ, ಕಿಡಿ ಹಾರುತ್ತದೆ. ಓವನ್‌ಗೆಂದೇ ಮಾಡಿದ ಗಾಜಿನ ಬಟ್ಟಲು ಒಳ್ಳೆಯದು.

ಹಾಲಿನ ಬಾಟಲಿಯನ್ನಂತೂ ಇಡಬೇಡಿ. ಕೈಗೆ ಬಾಟಲಿ ಉಗುರುಬೆಚ್ಚಗಿದ್ದರೂ ಒಳಗಿನ ಹಾಲು ಅಲ್ಲಲ್ಲಿ ಸುಡುವಷ್ಟು ಬಿಸಿಯಾಗಿರಬಹುದು. ಮಗುವಿನ ನಾಲಿಗೆ, ಗಂಟಲು ಬೇಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಅಲ್ಲಾಡಿಸಿ, ಎರಡು ಹನಿಯನ್ನು ಮಣಿಕಟ್ಟಿನ ಒಳಬದಿಗೆ ಹಾಕಿ ನೋಡಿಯೇ ಕುಡಿಸಿ.