ಕರೆಂಟಿನ ಹೊರೆ ಎಷ್ಟು?

ನಾವು ದಿನಕ್ಕೆ ಹತ್ತು ಕೊಡ ನೀರು ಹೊರುತ್ತೇವೆ. ಒಂದೊಂದೇ ಹೊತ್ತರೆ ಕಷ್ಟವಿಲ್ಲ. ಹತ್ತನ್ನೂ ಒಂದೇ ಸಲ ಹೊರಲು ಆಗುತ್ತದೆಯೇ? ಸೊಂಟ ಮುರಿದೀತು!

ಮನೆಯ ವೈರೂ ಹಾಗೆಯೇ. ಅದು ಹೊರುವುದಕ್ಕೂ ಮಿತಿ ಇದೆ. ಮಿತಿ ಮೀರಿದರೆ ವೈರ್ ಕಾಯುತ್ತದೆ. ಬೆಂಕಿಯೂ ಹತ್ತಬಹುದು.

ಈ ಹೊರೆಯನ್ನು ವ್ಯಾಟ್ ಲೆಕ್ಕದಲ್ಲಿ ಹೇಳುತ್ತಾರೆ. 1000 ವ್ಯಾಟ್ ಸೇರಿದರೆ 1 ಕಿಲೋವ್ಯಾಟ್. ಸಾಮಾನಿನ ಮೇಲೆಯೇ ವ್ಯಾಟ್ ಬರೆದಿರುತ್ತದೆ. ಈಗ ನಿಮಗೆ ಅಂಕಿ ಓದಲು ಬರುತ್ತದೆ. ನೀವೇ ನೋಡಿ ಬರೆದುಕೊಳ್ಳಿ.

ಒಂದು ಮನೆಯ ಪಟ್ಟಿ ಹೀಗಿದೆ:

9 ವ್ಯಾಟಿನ 4 ಬಲ್ಬು – 36
75 ವ್ಯಾಟಿನ 2 ಫ್ಯಾನು – 150
ಟೀವಿ – 100
ಮಿಕ್ಸಿ – 500
ಇಸ್ತ್ರಿ ಪೆಟ್ಟಿಗೆ – 1000
ನೀರು ಕಾಯಿಸುವ ಹೀಟರ್ – 1500
ಒಟ್ಟು – 3286 ವ್ಯಾಟ್

ಈ ಮನೆಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್. ಅಂದರೆ 3000 ವ್ಯಾಟ್. ಇದು ಕರೆಂಟ್ ಬಿಲ್ಲಿನಲ್ಲಿ ಇರುತ್ತದೆ.

"ಅಯ್ಯೋ, 286 ಜಾಸ್ತಿ ಆಯ್ತಲ್ಲೇ!" ಎಂದರು ಅತ್ತೆ.

"ಎಲ್ಲಾ ಒಂದೇ ಸಲ ಹಾಕ್ತೀವಾ ಅತ್ತೆ? ಯಾವ ಹೊತ್ತಲ್ಲಿ ಹೆಚ್ಚು ಹಾಕ್ತೀವಿ ಅಂತ ನೋಡ್ಬೇಕು" ಎಂದಳು ಸೊಸೆ. ಲೆಕ್ಕ ಬರೆದಳು.

ಬೆಳಗ್ಗೆ 7 ಗಂಟೆಗೆ:

2 ಬಲ್ಬು – 18
1 ಫ್ಯಾನು – 75
ಮಿಕ್ಸಿ – 500
ಇಸ್ತ್ರಿ ಪೆಟ್ಟಿಗೆ – 1000
ಹೀಟರ್ – 1500
ಒಟ್ಟು – 3093 ವ್ಯಾಟ್

ಇದೇ ಈ ಮನೆಯ ಅತಿ ಹೆಚ್ಚಿನ ಹೊರೆ. 3000 ದಾಟಿದೆ!

"ಇಸ್ತ್ರಿ ಮಧ್ಯಾಹ್ನ ಮಾಡಿದ್ರೆ ಆಯ್ತು ಬಿಡು" ಎಂದರು ಅತ್ತೆ.

3093ರಲ್ಲಿ 1000 ಕಳೆಯಿರಿ. 2093 ಉಳಿಯಿತು. ಇಸ್ತ್ರಿಗೆ ಬೇಕಾಗುವ ಯೂನಿಟ್ ಅಷ್ಟೇ. ಆದರೆ ಬೆಳಗಿನ ಹೊರೆ ಇಳಿಯಿತು.

ಪ್ಲಗ್ ಹಾಕುವ ಸಾಕೆಟ್ಟಿಗೂ ಮಿತಿ ಇದೆ. ಸಣ್ಣ ಸಾಕೆಟ್ 6 ಆಂಪಿಯರಿನದು. ಮನೆಗೆ ಬರುವ ಕರೆಂಟು 230 ವೋಲ್ಟ್. 6ನ್ನು 230ರಿಂದ ಗುಣಿಸಿ. 1380 ವ್ಯಾಟ್ ಬಂತು. ನಮ್ಮ ಹೀಟರ್ 1500 ವ್ಯಾಟಿನದು. ಅದನ್ನು ಸಣ್ಣ ಸಾಕೆಟ್ಟಿಗೆ ಹಾಕಬಾರದು. 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಅದಕ್ಕೆ ತಕ್ಕ ದಪ್ಪದ ವೈರೂ ಇರಬೇಕು.

ಹೊರೆ ಬಹಳ ಹೆಚ್ಚಾದರೆ ಫ್ಯೂಸ್ ತಂತಿ ಕರಗುತ್ತದೆ. ಫ್ಯೂಸ್ ಮನೆಯ ಕಾವಲುಗಾರ. ಪದೇ ಪದೇ ಹೋಗುತ್ತದೆ ಎಂದು ದಪ್ಪ ತಂತಿ ಕಟ್ಟಿಸಬೇಡಿ. ಆಗ ಫ್ಯೂಸ್ ಉಳಿಯುತ್ತದೆ, ಗೋಡೆಯೊಳಗಿನ ವೈರ್ ಸುಡುತ್ತದೆ.

ಹೊಸ ಸಾಮಾನು ಕೊಳ್ಳುವ ಮೊದಲು ಲೆಕ್ಕ ಹಾಕಿ. ಹೊರೆ ಮೀರುವುದಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ವೈರ್ ತೋರಿಸಿ. ಲೋಡ್ ಹೆಚ್ಚಿಸಲು ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ.

ಓದಿ, ಉತ್ತರ ಹೇಳಿ

1. ಫ್ಯೂಸಿಗೆ ದಪ್ಪ ತಂತಿ ಏಕೆ ಕಟ್ಟಬಾರದು?
2. 750 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನು 6 ಆಂಪಿಯರ್ ಸಾಕೆಟ್ಟಿಗೆ ಹಾಕಬಹುದೇ?

ನೀವೇ ಮಾಡಿ

ನಿಮ್ಮ ಮನೆಯಲ್ಲಿ ಯಾವ ಹೊತ್ತಿನಲ್ಲಿ ಹೊರೆ ಹೆಚ್ಚು? ಆಗ ಹಾಕುವ ಸಾಮಾನುಗಳ ಪಟ್ಟಿ ಬರೆಯಿರಿ. ವ್ಯಾಟ್ ಕೂಡಿಸಿ. ಬಿಲ್ಲಿನಲ್ಲಿರುವ ಲೋಡ್ ಜೊತೆ ಹೋಲಿಸಿ ನೋಡಿ.